ಹದ ನೋಡುವ ಕೈ

ಬೇಯುವ ರೇಷ್ಮೆಗೂಡಿನ ವಾಸನೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಕೊಳೆತ ಮೀನಿನ ವಾಸನೆ ಎಂದರೆ ಅರ್ಧ ಹೇಳಿದಂತೆ. ಅದಕ್ಕೆ ಹುಳಿತ ಹಾಲಿನದನ್ನೂ ಒದ್ದೆ ಕಂಬಳಿಯದನ್ನೂ ಸೇರಿಸಿ, ಮೇಲೆ ಬಿಸಿ ಹಬೆ ಹಾಯಿಸಿದರೆ ಸ್ವಲ್ಪ ಹತ್ತಿರ ಬಂದೀತು. ಸುಗುಣ ಹುಟ್ಟಿ ಬೆಳೆದದ್ದು ಆ ವಾಸನೆಯಲ್ಲೇ. ಶಿಡ್ಲಘಟ್ಟದ ಅವರ ಓಣಿಯಲ್ಲಿ ನೂಲು ಬಿಚ್ಚುವ ಬಾಂಡಲೆ ಇಲ್ಲದ ಮನೆ ಇರಲಿಲ್ಲ. ಕುದಿನೀರಿನಲ್ಲಿ ಗೂಡು ಬೆಂದು, ಎಳೆ ಬಿಟ್ಟು, ಒಳಗಿನ ಹುಳ ಬೆತ್ತಲೆಯಾಗಿ ತೇಲುತ್ತಿತ್ತು. ಆ ಹುಳಗಳನ್ನು ಬುಟ್ಟಿಗಟ್ಟಲೆ ಬಾಗಿಲ ಹೊರಗೆ ಸುರಿಯುತ್ತಿದ್ದರು. ಕಾಗೆ, ನಾಯಿ, ನೊಣ ಎಲ್ಲಕ್ಕೂ ಅಲ್ಲಿ ಪಾಲಿತ್ತು.

ಅಮ್ಮ ಸಂಜೆ ಕೆಲಸದಿಂದ ಬಂದು ಎತ್ತಿಕೊಂಡರೆ ಹುಡುಗಿ ಉಸಿರು ಬಿಗಿಹಿಡಿಯುತ್ತಿದ್ದಳು. ಅಮ್ಮನಿಗೆ ಅದು ಗೊತ್ತಾಗಿ, ಬಂದವಳೇ ಮೊದಲು ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಮೈ ತಿಕ್ಕಿಕೊಂಡು, ಆಮೇಲೆ ಮಗಳನ್ನು ಮುಟ್ಟುವ ರೂಢಿ ಮಾಡಿಕೊಂಡಿದ್ದಳು. ತಿಕ್ಕಿದರೂ ಅದು ಹೋಗುವಂಥದ್ದಲ್ಲ. ಶಾಲೆಯಲ್ಲಿ ಪಕ್ಕದವರು ಒಬ್ಬೊಬ್ಬರಾಗಿ ಬೆಂಚು ಬದಲಾಯಿಸಿದಾಗ, ಟೀಚರೊಬ್ಬರು ಸುಗುಣಳನ್ನು ಕಿಟಕಿಯ ಬಳಿ ಕೂರಿಸಿ, ಇಲ್ಲಿಂದ ನಿನಗೆ ಬೋರ್ಡು ಚೆನ್ನಾಗಿ ಕಾಣುತ್ತೆ ಅಂದಿದ್ದರು. ಬೋರ್ಡು ಅಲ್ಲಿಂದ ಒಂದಿಷ್ಟೂ ಕಾಣುತ್ತಿರಲಿಲ್ಲ. ಆದರೂ ಅವರು ಹಾಗೆ ಹೇಳಿದ್ದರಿಂದ ಅವಳು ಶಾಲೆ ಬಿಡಲಿಲ್ಲ.

ಬಿಡದೆ ಓದಿ ಓದಿ, ದೇವನಹಳ್ಳಿಯ ಆಚೆ ಇರುವ ಒಂದು ಖಾಸಗಿ ಸಂಶೋಧನಾಲಯದಲ್ಲಿ ವಿಜ್ಞಾನಿಯಾದಳು. ಅವಳು ಹಿಡಿದ ವಿಷಯ ನೋವು. ಗಾಯದ ನೋವಲ್ಲ. ಗಾಯ ಮಾಗಿದ ಮೇಲೂ ಹೋಗದೆ, ವರ್ಷಗಟ್ಟಲೆ ಮನೆಯ ಸದಸ್ಯನಂತೆ ಉಳಿದುಬಿಡುವ ನೋವು.

ಕೇಳಲು ಬಂದವರಿಗೆ ಅವಳು ಕೆರೆಯ ಉದಾಹರಣೆ ಕೊಡುತ್ತಿದ್ದಳು. ಕೈ ಸುಟ್ಟರೆ ಸುದ್ದಿ ಬೆನ್ನುಹುರಿಯ ಕಾಲುವೆ ಹಿಡಿದು ಮೆದುಳಿಗೆ ಹರಿಯುತ್ತದೆ. ಕಾಲುವೆಗೆ ಒಂದು ತೂಬು ಇದೆ. ಆ ತೂಬನ್ನು ಇಳಿಸುವ ನೀರುಗಂಟಿಗಳು ನಮ್ಮ ಮೈಯೊಳಗೇ ಇದ್ದಾರೆ. ನರಕೋಶಗಳು ತಾವೇ ಹೆಣೆದು ಸುರಿಸುವ ಪುಟ್ಟ ಪೆಪ್ಟೈಡುಗಳು ಅವು, ಎನ್ಕೆಫಲಿನ್, ಎಂಡಾರ್ಫಿನ್ ಎಂದು ಅವಕ್ಕೆ ಹೆಸರು. ಅಫೀಮು ಕೆಲಸ ಮಾಡುವುದೂ ಇವುಗಳಿಗೆಂದು ಇಟ್ಟ ಕುರ್ಚಿಯಲ್ಲಿ ಕೂತುಕೊಂಡೇ. ಹಳೆಯ ನೋವಿನವರಲ್ಲಿ ತೂಬು ತೆರೆದೇ ಉಳಿದಿರುತ್ತದೆ, ನೀರುಗಂಟಿ ಸೋತು ಮಲಗಿರುತ್ತಾನೆ. ಹಾಗಾದರೆ, ಕರೆದ ಕೂಡಲೇ ಎದ್ದು ಬರುವಂತೆ ಅವನಿಗೆ ಕಲಿಸಿದರೆ ಏನಾದೀತು?

ಆ ಒಂದು ಪ್ರಶ್ನೆಯ ಮೇಲೆ ಇಡೀ ಸಂಶೋಧನಾಲಯ ನಿಂತಿತ್ತು. ಕಲಿಸುವ ಕ್ರಮವನ್ನೂ ಅವರು ಕಂಡುಕೊಂಡಿದ್ದರು. ಮೆದುಳಿನ ನಡುಭಾಗದಿಂದ ಎನ್ಕೆಫಲಿನ್ನನ್ನು ಧಾರಾಳವಾಗಿ ಹರಿಸುವ ಒಂದು ಸೂಜಿಮದ್ದು, ಅದನ್ನು ಚುಚ್ಚುವಾಗಲೆಲ್ಲ ಮೂಗಿಗೆ ಒಂದೇ ಒಂದು ವಾಸನೆ. ಕೆಲವು ವಾರ ಹೀಗೆ ಮಾಡಿದರೆ ಸಾಕು, ಆಮೇಲೆ ಮದ್ದು ಬೇಡ. ಸೀಸೆಯ ಮುಚ್ಚಳ ತೆಗೆದು ಮೂಸಿದರೆ ಮೈ ತಾನಾಗಿ ತನ್ನ ಪೆಪ್ಟೈಡನ್ನು ಸುರಿಸುತ್ತದೆ. ಮಾತ್ರೆ ಇಲ್ಲ, ಹೊರಗಿನದು ಯಾವುದೂ ಇಲ್ಲ.

ತೊಡಕಾದದ್ದು ವಾಸನೆಯದು. ಮೊದಲು ಶ್ರೀಗಂಧದಂಥದ್ದನ್ನು ಇಟ್ಟರು. ನಿವೃತ್ತ ಅಂಚೆಯವರೊಬ್ಬರು ಮದುವೆಮನೆಯಲ್ಲಿ ಊದುಬತ್ತಿಯ ನಡುವೆ ನಿಂತು, ಉಳುಕಿದ ಕಾಲಿನಲ್ಲೇ ದಿನವಿಡೀ ಓಡಾಡಿ ಮೂಳೆ ಮುರಿದುಕೊಂಡರು. ಆಮೇಲೆ ಯಾವ ಬೀದಿಯಲ್ಲೂ ಸಿಗದ ಒಂದು ಹೊಸ ಪರಿಮಳವನ್ನು ತಯಾರಿಸಿದರು. ಅದು ಎಷ್ಟು ಹಿತವಾಗಿತ್ತೆಂದರೆ ಜನ ನೋವಿಲ್ಲದಾಗಲೂ ಮೂಸತೊಡಗಿದರು. ನಿರ್ದೇಶಕರಾದ ವಾಮನಮೂರ್ತಿಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದ ಆ ಸಭೆಯಲ್ಲಿ ಸುಗುಣ ಬಾಯಿಬಿಟ್ಟಳು. ಎಲ್ಲೂ ಸಿಗಬಾರದು, ಯಾರಿಗೂ ಇಷ್ಟವೂ ಆಗಬಾರದು ಎಂದರೆ ಅಂಥ ಒಂದು ವಾಸನೆ ತನಗೆ ಗೊತ್ತು ಎಂದಳು. ಈಗ ನೂಲು ಬಿಚ್ಚುವುದೆಲ್ಲ ಮುಚ್ಚಿದ ಯಂತ್ರದೊಳಗೆ, ಬಾಂಡಲೆಗಳು ಮೂಲೆ ಸೇರಿವೆ, ಆ ವಾಸನೆ ಇನ್ನು ಭೂಮಿಯ ಮೇಲೆ ಇಲ್ಲ. ಅದನ್ನು ಚಟಕ್ಕೆ ಮೂಸುವ ಮನುಷ್ಯ ಹುಟ್ಟಿಲ್ಲ. ಅಸಹ್ಯವೇ ಕಾವಲು ಕಾಯುತ್ತದೆ.

ಎಲ್ಲರೂ ಮೆಚ್ಚಿದರು. ತನ್ನನ್ನು ಬೆಂಚಿನಿಂದ ಬೆಂಚಿಗೆ ಅಟ್ಟಿದ್ದ ನಾತ ಲೋಕೋಪಕಾರಕ್ಕೆ ಬಂತಲ್ಲ ಎಂದು ಅವಳಿಗೂ ಒಂದು ಬಗೆಯ ಸೇಡು ತೀರಿದ ಖುಷಿ.

ಈ ಚಿಕಿತ್ಸೆಗೆ ಮೊದಲು ನೋಂದಾಯಿಸಿದವರಲ್ಲಿ ಅವಳ ಅತ್ತಿಗೆಯೂ ಒಬ್ಬರು. ಮುನಿರತ್ನಮ್ಮ ಎಂದು ಹೆಸರು. ಮದುವೆಯಾಗಿ ಬಂದಂದಿನಿಂದ ಬಾಂಡಲೆಯ ಮುಂದೆ ಕೂತ ಹೆಂಗಸು. ಅಣ್ಣ ತೀರಿಕೊಂಡ ಮೇಲೂ ಕೂತರು. ಬೆರಳಿನ ಗೆಣ್ಣು, ಮಣಿಕಟ್ಟು, ಭುಜ ಎಲ್ಲ ಹಿಡಿದುಕೊಂಡು, ಕಡೆಗೆ ತಲೆ ಬಾಚಿಕೊಳ್ಳಲೂ ಆಗದೆ ಕೆಲಸ ಬಿಟ್ಟಿದ್ದರು. ಎದುರು ಬಂದವರನ್ನು ನಗಿಸದೆ ಬಿಡದಿದ್ದ ಆಕೆ ನೋವಿನಲ್ಲಿ ಮಾತೇ ನಿಲ್ಲಿಸಿದ್ದು ಸುಗುಣಳಿಗೆ ತಡೆಯಲಾಗಿರಲಿಲ್ಲ. ತಾಲೂಕು ಆಸ್ಪತ್ರೆಯ ಶಿಬಿರಕ್ಕೆ ತಾನೇ ಕರೆದುಕೊಂಡು ಹೋದಳು. ಮೊದಲ ಸಲ ಸೀಸೆ ತೆರೆದಾಗ ಮುನಿರತ್ನಮ್ಮ ಮೂಗೊಡ್ಡಿ, ತಲೆ ಹಿಂದಕ್ಕೆ ಎಳೆದು, ನಾದಿನಿಯ ಮುಖ ನೋಡಿದರು.

“ಇಷ್ಟು ಓದಿ ನೀವೆಲ್ಲಾ ಕಂಡುಹಿಡಿದಿದ್ದು ನಮ್ಮ ಬಾಂಡ್ಲೆ ನಾತಾನಾ? ಮೊದ್ಲೇ ಹೇಳಿದ್ರೆ ಒಂದು ಬಿಂದಿಗೆ ತುಂಬಿ ಬಸ್ಸಿಗೆ ಹಾಕ್ತಿದ್ನಲ್ಲೇ.”

ತಿಂಗಳು ಕಳೆಯುವುದರೊಳಗೆ ಅವರು ತಲೆ ಬಾಚಿಕೊಂಡು, ಹೂ ಮುಡಿದುಕೊಂಡು, ಫೋನಿನಲ್ಲಿ ಸುಗುಣಳನ್ನು ಡಾಕ್ಟ್ರಮ್ಮಾ ಎಂದು ಅಣಕಿಸುವಷ್ಟು ಚೇತರಿಸಿಕೊಂಡರು. ಸುಗುಣ ಆ ದಿನ ಒಬ್ಬಳೇ ಕೂತು ಅತ್ತಳು. ಅತ್ತಿಗೆಯ ಅಣಕ ಕೇಳಿ ಎಷ್ಟು ಕಾಲವಾಗಿತ್ತು.

ವರ್ಷದ ಕೊನೆಗೆ ಸಂಶೋಧನಾಲಯದಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಮಿಕ್ಕ ಊರಿನವರೆಲ್ಲ ಸೀಸೆ ಖಾಲಿಯಾದಾಗ ಬಂದು ಹೊಸದು ಒಯ್ಯುತ್ತಿದ್ದರು. ಶಿಡ್ಲಘಟ್ಟದ ಹೆಂಗಸರು ಯಾರೂ ಎರಡನೇ ಸೀಸೆ ಕೇಳಲು ಬಂದಿರಲಿಲ್ಲ. ಅವರ ನೋವು ಪೂರ್ತಿ ವಾಸಿಯಾಗಿರಬೇಕು, ಇದೇ ನಮ್ಮ ದೊಡ್ಡ ಗೆಲುವು ಎಂದು ವಾಮನಮೂರ್ತಿಯವರು ಹಿಗ್ಗಿದರು. ಸುಗುಣಳಿಗೆ ಸಮಾಧಾನವಾಗಲಿಲ್ಲ. ಕಲಿತದ್ದನ್ನು ಮೂಗಿಗೆ ಆಗಾಗ ನೆನಪಿಸದಿದ್ದರೆ ಮೆದುಳು ಮರೆಯುತ್ತದೆ. ಇವರು ಸೀಸೆಯಿಲ್ಲದೆ ಏನನ್ನು ಮೂಸುತ್ತಿದ್ದಾರೆ?

ಅತ್ತಿಗೆಯ ಮಗಳು ಚೈತ್ರ ಹೆತ್ತು ತವರಿನಲ್ಲಿದ್ದಳು. ಮಗು ನೋಡುವ ನೆಪದಲ್ಲಿ ಸುಗುಣ ಊರಿಗೆ ಹೋದಳು. ಮುನಿರತ್ನಮ್ಮ ಬಾಗಿಲಿಗೆ ಬರುವ ಮೊದಲೇ ಅವರ ವಾಸನೆ ಬಂತು.

ನೋವು ಹೋದ ಮೇಲೆ ಆಕೆ ಮಾಡಿದ್ದು ಯಾರಾದರೂ ಮಾಡುವುದನ್ನೇ. ಕೆಲಸಕ್ಕೆ ಹೋದರು. ಮುಚ್ಚಿದ ಯಂತ್ರಗಳು ಒಳ್ಳೆಯ ಗೂಡನ್ನು ಮಾತ್ರ ತೆಗೆದುಕೊಳ್ಳುತ್ತವೆ. ಎರಡು ಹುಳ ಒಂದಾಗಿ ಹೆಣೆದ ಜೋಡುಗೂಡು ಅವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟುಗಂಟಾದ ಆ ನೂಲಿಗೆ ಹೊರದೇಶದಲ್ಲಿ ಈಗ ಭಾರಿ ಬೇಡಿಕೆ, ಅದನ್ನು ಕೈಯಲ್ಲೇ ಬಿಚ್ಚಬೇಕು. ಮೂಲೆ ಸೇರಿದ್ದ ಬಾಂಡಲೆಗಳು ಎದ್ದು ಬಂದಿದ್ದವು. ಊರು ಬಿಟ್ಟು ಹೋದವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅತ್ತಿಗೆ ಮತ್ತೆ ಬಾಂಡಲೆಯ ಮುಂದೆ ಕೂತ ದಿನ ಸೀಸೆಯ ಅಗತ್ಯವೇ ಬೀಳಲಿಲ್ಲ. ಹಬೆ ಮೂಗಿಗೆ ಬಡಿಯುತ್ತಿದ್ದಂತೆ ಮೈ ಹಗುರಾಯಿತು. ಈ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಮೇಸ್ತ್ರಿಯೊಬ್ಬ ಉಳಿದ ಹೆಂಗಸರನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಶಿಬಿರಕ್ಕೆ ಕರೆದೊಯ್ದಿದ್ದ. ಅವರಾರೂ ಸುಳ್ಳು ಹೇಳಿ ಸೇರಿದವರಲ್ಲ. ಎಲ್ಲರಿಗೂ ನಿಜವಾಗಿ ನೋವಿತ್ತು.

ಇದನ್ನೆಲ್ಲ ಮುನಿರತ್ನಮ್ಮ ನಗುನಗುತ್ತಾ ಹೇಳುತ್ತಿದ್ದರು. ಸುಗುಣ ಅವರ ಕೈಯನ್ನೇ ನೋಡುತ್ತಿದ್ದಳು. ಬೆಂದ ಗೂಡಿನಂತೆ ಬಿಳುಚಿದ ಕೈ. ಬೆರಳ ಸಂದುಗಳಲ್ಲಿ ಚರ್ಮ ಬಿಟ್ಟು ಒಳಗಿನ ಕೆಂಪು ಕಾಣುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಹಳದಿ ಕೀವು ಕಟ್ಟಿ, ಒತ್ತಿದಲ್ಲೆಲ್ಲ ಜಿನುಗುತ್ತಿತ್ತು. ತೋರುಬೆರಳಿಗೆ ಉಗುರಿರಲಿಲ್ಲ. ಆ ಕೈಯಲ್ಲೇ ಅವರು ಕಾಫಿಯ ಲೋಟ ಚಾಚಿದರು.

“ಉಗುರು ಎಲ್ಲಿ ಅತ್ತಿಗೆ?”

“ನೂಲಿನ ಜೊತೆ ಹೋಯ್ತು ಕಣೇ. ಯಾವಳೋ ದೊಡ್ಡ ಮನೆಯವಳ ಸೀರೇಲಿ ಕೂತ್ಕೊಂಡು ಮದುವೆ ಊಟ ಮಾಡ್ತಿರುತ್ತೆ ಬಿಡು.”

ಸುಗುಣ ಲೋಟವನ್ನು ತುಟಿಯವರೆಗೆ ತಂದಳು. ಅಂಚಿನಲ್ಲಿ ಮಬ್ಬಾಗಿ ಒಂದು ಅಂಟು ಕಂಡಿತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅದನ್ನು ಕಂಡೂ ಕಾಣದವರಂತೆ ಮುನಿರತ್ನಮ್ಮ ಲೋಟ ತೆಗೆದುಕೊಂಡರು. ಆರಿಹೋಗಿದೆ, ಚೈತ್ರ ಬೇರೆ ಮಾಡಿ ತರ್ತಾಳೆ ಎಂದರು. ಕಾಫಿಯಿಂದ ಇನ್ನೂ ಹಬೆ ಏಳುತ್ತಿತ್ತು.

ಮಾತಾಡುತ್ತಾ ಆಕೆ ಆಗಾಗ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಏನದು ಎಂದು ಕೇಳಿದ್ದಕ್ಕೆ ಸಂಕೋಚವಿಲ್ಲದೆ ಗಂಟು ಬಿಚ್ಚಿ ತೋರಿಸಿದರು. ಒಂದು ಹಿಡಿ ಸತ್ತ ಹುಳ. ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಒಡೆದು, ಒಳಗಿನದು ಬಟ್ಟೆಗೆ ಮೆತ್ತಿಕೊಂಡಿತ್ತು. ಮನೆಗೆ ಬಂದರೆ ನೋವು ಮೊದಲಿಗಿಂತ ಹೆಚ್ಚಾಗಿ ಬರುತ್ತದಂತೆ, ಅದಕ್ಕೆ ಇದು ಬೇಕು. ಕೆಲವರು ಮನೆಗೇ ಹೋಗುವುದಿಲ್ಲ, ಶೆಡ್ಡಿನಲ್ಲೇ ಚಾಪೆ ಹಾಸಿಕೊಳ್ಳುತ್ತಾರೆ.

ಅದು ಯಾಕೆಂದು ಸುಗುಣಳಿಗೆ ಗೊತ್ತಿತ್ತು. ತೂಬನ್ನು ತೀರ ಹೆಚ್ಚು ಹೊತ್ತು ಮುಚ್ಚಿಟ್ಟರೆ ಮೈ ಸುಮ್ಮನಿರುವುದಿಲ್ಲ. ಡೈನಾರ್ಫಿನ್ ಎಂಬ ಇನ್ನೊಂದು ಪೆಪ್ಟೈಡನ್ನು ಬೆನ್ನುಹುರಿಯಲ್ಲಿ ಹೆಚ್ಚಿಸಿಕೊಂಡು, ಸಣ್ಣ ಸುದ್ದಿಯನ್ನೂ ದೊಡ್ಡ ಕೂಗಾಗಿ ಮಾಡುತ್ತದೆ. ಇದನ್ನು ಅವಳು ಇಲಿಗಳಲ್ಲಿ ನೋಡಿದ್ದಳು. ಕುದಿನೀರಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಈ ವಾಸನೆ ಕುಡಿಯುವ ಮನುಷ್ಯರ ಮಾತು ಸಂಶೋಧನಾಲಯದಲ್ಲಿ ಯಾರ ತಲೆಗೂ ಬಂದಿರಲಿಲ್ಲ. ನೋವು ಹೋದವರು ಎದ್ದು ಎಲ್ಲಿಗೆ ಹೋಗುತ್ತಾರೆಂದು ಅವಳೇ ಕೇಳಿರಲಿಲ್ಲ.

ಶೆಡ್ಡಿಗೂ ಹೋಗಿ ನೋಡಿದಳು. ಹಿಂದೆ ಪ್ರತಿ ಬಾಂಡಲೆಯ ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇರುತ್ತಿತ್ತು. ಬೆರಳು ಸುಟ್ಟಾಗ ಅದರಲ್ಲಿ ಅದ್ದಿಕೊಂಡು ಮತ್ತೆ ಬಿಸಿಗೆ ಹಾಕುತ್ತಿದ್ದರು. ಬಟ್ಟಲುಗಳು ಈಗಲೂ ಇದ್ದವು. ಅವುಗಳಲ್ಲಿ ಎಲೆಯಡಿಕೆಯ ಉಗುಳು ತುಂಬಿತ್ತು. ಹೆಂಗಸರು ಕುದಿನೀರಿನಲ್ಲಿ ಮಣಿಕಟ್ಟಿನವರೆಗೂ ಕೈ ಇಳಿಬಿಟ್ಟು, ಕಾಲುವೆಯಲ್ಲಿ ಬಟ್ಟೆ ಜಾಲಿಸುವವರಂತೆ ಹರಟುತ್ತಿದ್ದರು. ನೀರಿನ ಮೇಲೆ ತೇಲುತ್ತಿದ್ದ ತೆಳ್ಳನೆಯ ಬಿಳಿ ಪೊರೆಯೆಲ್ಲ ಗೂಡಿನದೇ ಅಲ್ಲ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಶೆಡ್ಡಿನ ಯಜಮಾನರಾದ ಹಫೀಜುಲ್ಲಾ ಸಾಹೇಬರು ಅವಳ ಅಪ್ಪನ ಕಾಲದವರು. ಅವಳನ್ನು ಹೊರಗೆ ಬೇವಿನ ಮರದಡಿ ಕರೆದೊಯ್ದು ತಗ್ಗಿದ ದನಿಯಲ್ಲಿ ಮಾತಾಡಿದರು. ಇವರಿಗೆ ನೋವಾಗುವುದಿಲ್ಲ ಅಂತ ಖುಷಿಪಟ್ಟೆ, ಈಗ ನೋಡಲಾಗುವುದಿಲ್ಲ, ಹೇಳಿದರೆ ನನ್ನನ್ನೇ ನಗುತ್ತಾರೆ ಎಂದರು. ಏನಾದರೂ ಒಂದು ದಾರಿ ಹುಡುಕಿಕೊಡು ಎಂದು ಬೇಡಿದರು. ಕೈಗೆ ಔಷಧಿ ಹಚ್ಚಿ ಬಟ್ಟೆ ಕಟ್ಟಿ ಕೆಲವು ದಿನ ಮನೆಯಲ್ಲಿರಿ ಎಂದು ಸುಗುಣ ಅತ್ತಿಗೆಯ ಕಾಲು ಹಿಡಿಯುವುದೊಂದು ಬಾಕಿ. ಮುನಿರತ್ನಮ್ಮ ಕೇಳಲಿಲ್ಲ. ಇಷ್ಟು ವರ್ಷ ನೊಂದವಳು ನಾನು, ಸುಖವಾಗಿರೋದು ಕಂಡ್ರೆ ನಿನಗ್ಯಾಕೆ ಉರಿ ಎಂದು ನಗುತ್ತಲೇ ಕುಟುಕಿದರು.

ಕಲಿಸಿದ್ದನ್ನು ಮರೆಸುವ ಕ್ರಮವೂ ಸಂಶೋಧನಾಲಯದಲ್ಲಿತ್ತು. ಪೆಪ್ಟೈಡಿನ ಕುರ್ಚಿಯನ್ನೇ ಮುಚ್ಚಿಬಿಡುವ ತಡೆಮದ್ದು ಕೊಟ್ಟು ಅದೇ ವಾಸನೆ ತೋರಿಸುತ್ತಾ ಹೋದರೆ, ಕರೆದರೂ ಯಾರೂ ಬರುವುದಿಲ್ಲ ಎಂದು ಮೆದುಳು ನಿಧಾನವಾಗಿ ತಿಳಿದುಕೊಳ್ಳುತ್ತದೆ. ಅತ್ತಿಗೆಗೆ ಅದನ್ನೂ ಹೇಳಿಯೇ ಅವಳು ಹೊರಟಿದ್ದಳು. ಅದನ್ನು ಊರಿಗೆ ಕಳಿಸಲು ಒಪ್ಪಿಗೆ ಬೇಕಾಗಿತ್ತು. ಸುಗುಣ ವಾಮನಮೂರ್ತಿಯವರ ಕೋಣೆಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿ, ಕೈಗಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದಳು.

ಅವರು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಸಂಶೋಧನಾಲಯದ ಕಾವಲುಗಾರನ ಮಗಳ ಕಾಲೇಜಿಗೆ ತಾವೇ ಓಡಾಡಿ ಸೀಟು ಕೊಡಿಸಿದವರು. ಆದರೆ ನೋಡುತ್ತಾ ನೋಡುತ್ತಾ ಅವರ ಮುಖ ಬೆಳಗತೊಡಗಿತು.

“ಸುಗುಣಾ, ಇದು ನಮಗೆ ಹೊಳೆದೇ ಇರಲಿಲ್ಲ ನೋಡಿ. ಸೀಸೆ ಯಾಕೆ ಬೇಕು? ಕೆಲಸದ ಜಾಗದ ವಾಸನೆಯನ್ನೇ ಕಲಿಸಿಬಿಟ್ಟರೆ ಆಯಿತಲ್ಲ.”

ಆಮೇಲೆ ಅವರು ಕೋಣೆಯಲ್ಲಿ ಓಡಾಡುತ್ತಾ ಯೋಚನೆ ಬಿಚ್ಚಿದರು. ಕರಾವಳಿಯ ಗೇರುಬೀಜದ ಕಾರ್ಖಾನೆಯಲ್ಲಿ ಸೊನೆ ಕೈ ಸುಡುತ್ತದೆ, ಅಲ್ಲಿ ಹುರಿದ ಗೇರಿನ ವಾಸನೆ. ಮೀನು ಸೀಳುವವರಿಗೆ ಮೀನಿನದು. ಚರ್ಮ ಹದ ಮಾಡುವವರಿಗೆ ಸುಣ್ಣದ ತೊಟ್ಟಿಯದು. ದುಡಿಯುವಾಗ ನೋವಿಲ್ಲ, ಕೆಲಸ ಬಿಟ್ಟು ಹೋಗುವ ಮನಸ್ಸೂ ಬರುವುದಿಲ್ಲ. ಕೈಗವಸಿನ ವಿಷಯ ಬೇಕಾದರೆ ಒಂದು ಸೂಚನೆಯಲ್ಲಿ ಹಾಕೋಣ. ಗೇರಿನವರು ಹೋದ ತಿಂಗಳೇ ವಿಚಾರಿಸಿದ್ದರಂತೆ. ಮರೆಸುವ ಮದ್ದಿನ ಒಪ್ಪಿಗೆ ವಾಮನಮೂರ್ತಿಯವರ ಸಹಿಯಾಗಿ ಬಂತು, ನಿಮ್ಮ ಅತ್ತಿಗೆಗೂ ಊರಿನವರಿಗೂ ಬೇಕಾದರೆ ಕೊಡಿ ಎಂದು. ಆ ಔದಾರ್ಯವನ್ನೂ ಅವರು ನಗುತ್ತಲೇ ಮಾಡಿದರು.

ಸುಗುಣ ಹೊರಗೆ ಬಂದು, ಕೈತೊಳೆಯುವ ತೊಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ಚಿಕ್ಕಂದಿನಿಂದ ತಾನು ಅಸಹ್ಯ ಎಂದುಕೊಂಡದ್ದು ಅಸಹ್ಯವೇ ಅಲ್ಲ, ಅದು ಬರೀ ಬೆಂದ ಹುಳ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸುವಾಸನೆ ಹಚ್ಚಿಕೊಂಡು, ಹೆಂಗಸರ ಬೆಂದ ಕೈಗಳನ್ನು ಬೆಳಗಿದ ಮುಖದಿಂದ ನೋಡುವುದಕ್ಕೆ ಏನು ಹೆಸರು? ಆ ಸುವಾಸನೆ ಅವಳ ಬಟ್ಟೆಗೂ ಹತ್ತಿಕೊಂಡಂತಿತ್ತು. ನೆಲ ಒರೆಸುತ್ತಿದ್ದ ಹೆಂಗಸು ಬಂದು, ನಲ್ಲಿ ತಿರುಗಿಸಿ ತೊಟ್ಟಿಯನ್ನು ತಾನೇ ತೊಳೆದಳು. ತೊಳೆದು, ಅವಳ ಬೆನ್ನ ಮೇಲೆ ಒಂದು ಗಳಿಗೆ ಕೈ ಇಟ್ಟು ಹೋದಳು.

ಮರುದಿನ ಸುಗುಣ ರಜೆ ಹಾಕಿ, ತಡೆಮದ್ದಿನ ಪೆಟ್ಟಿಗೆಯೊಂದಿಗೆ ಊರಿಗೆ ಬಂದಳು. ಅತ್ತಿಗೆಯನ್ನು ಹೇಗೆ ಒಪ್ಪಿಸುವುದೆಂದು ತಿಳಿದಿರಲಿಲ್ಲ. ಬಲವಂತ ಮಾಡುವ ಹಕ್ಕು ಅವಳಿಗಿಲ್ಲ. ನೋವು ಯಾರದೋ ಅವರೇ ಹೇಳಬೇಕು.

ಅವಳು ಒಳಗೆ ಕಾಲಿಟ್ಟಾಗ ಮಗುವಿನ ಸ್ನಾನದ ಹೊತ್ತು. ನಮ್ಮಲ್ಲಿ ಮಗುವಿಗೆ ಎರೆಯುವುದೆಂದರೆ ಅಜ್ಜಿಯ ಹಕ್ಕು. ಮುನಿರತ್ನಮ್ಮ ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಹಂಡೆ. ಚೈತ್ರ ಹೊಸಿಲ ಬಳಿ ಬಟ್ಟೆ ಹಿಡಿದು ನಿಂತಿದ್ದಳು. ಎರೆಯುವ ನೀರು ಚೆನ್ನಾಗಿ ಬಿಸಿಯಿರಬೇಕು, ಆಗಲೇ ಮೂಳೆ ಗಟ್ಟಿ. ಹದ ನೋಡುವುದಕ್ಕೆ ಅಜ್ಜಿಯ ಕೈಗಿಂತ ಬೇರೆ ಅಳತೆ ಇಲ್ಲ. ಮುನಿರತ್ನಮ್ಮ ಸೆರಗಿನ ಗಂಟನ್ನು ಒಮ್ಮೆ ಮೂಗಿಗೊತ್ತಿಕೊಂಡು, ಕೈಯನ್ನು ಹಂಡೆಯಲ್ಲಿ ಅದ್ದಿ, ತಲೆಯಾಡಿಸಿ, ಚೊಂಬು ತುಂಬಿ ಎತ್ತಿದರು.

ಚೊಂಬಿನಿಂದ ತುಳುಕಿದ ನೀರು ಪಕ್ಕಕ್ಕೆ ಬಂದು ನಿಂತಿದ್ದ ಸುಗುಣಳ ಪಾದಕ್ಕೆ ಬಿತ್ತು. ಅವಳು ಕಿರುಚಿಕೊಂಡೇ ಮುಂದಕ್ಕೆ ಬಿದ್ದು ಚೊಂಬನ್ನು ತಳ್ಳಿದಳು. ಅಷ್ಟರಲ್ಲಿ ಒಂದು ಧಾರೆ ಇಳಿದಾಗಿತ್ತು. ಮಗುವಿನ ತೊಡೆಯ ಹಿಂಬದಿಯಲ್ಲಿ ಅಂಗೈ ಅಗಲ ಕೆಂಪಾಯಿತು. ಒಂದು ಕ್ಷಣ ಅದು ಬಾಯಿ ತೆರೆದು ಸದ್ದಿಲ್ಲದೆ ಇತ್ತು. ಆಮೇಲೆ ಅತ್ತಿತು, ಓಣಿಯೆಲ್ಲ ಬಾಗಿಲಿಗೆ ಬರುವ ಹಾಗೆ.

ಚೈತ್ರ ಮಗುವನ್ನು ಎಳೆದುಕೊಂಡಳು. ಸುಗುಣ ತಣ್ಣೀರು ಹೊಯ್ದಳು, ಆಟೋ ತರಿಸಿದಳು. ಆಸ್ಪತ್ರೆಯಲ್ಲಿ ನೋಡಿ, ಬೊಬ್ಬೆ ಬರುತ್ತದೆ, ಮಾಗುತ್ತದೆ, ದೇವರು ದೊಡ್ಡವನು ಎಂದು ಕಳಿಸಿದರು. ಇದೆಲ್ಲ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಮುನಿರತ್ನಮ್ಮ ಇನ್ನೂ ಆ ಮಣೆಯ ಮೇಲೇ ಕೂತಿದ್ದರು. ಹಂಡೆಯ ನೀರು ತಣ್ಣಗಾಗಿತ್ತು. ಅವರ ಬಲಗೈ ಅದರಲ್ಲೇ ಮುಳುಗಿತ್ತು.

“ನನ್ನ ಕೈಗೆ ಬೆಚ್ಚಗಿತ್ತು ಸುಗುಣಾ,” ಎಂದರು. “ದೇವ್ರಾಣೆ ಬೆಚ್ಚಗಿತ್ತು.”

ಚೈತ್ರ ತಾಯಿಯ ಮುಂದೆ ಹಾದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಮೇಲೆ ನೀನು ಮಗುವನ್ನು ಮುಟ್ಟಬೇಡ ಎಂದು ಬಾಗಿಲ ಹಿಂದಿನಿಂದ ಮೆಲ್ಲಗೆ ಹೇಳಿದಳು. ಕೂಗಿ ಹೇಳಿದ್ದರೆ ಒಳ್ಳೆಯದಿತ್ತೇನೋ. ಮುನಿರತ್ನಮ್ಮ ಹಂಡೆಯಿಂದ ಕೈ ತೆಗೆದು, ತಿರುಗಿಸಿ, ಯಾರದೋ ಕೈ ನೋಡುವಂತೆ ನೋಡಿದರು. ಕೀವು ನೀರಿನಲ್ಲಿ ನೆನೆದು ಎಳೆಯಾಗಿ ಇಳಿಯುತ್ತಿತ್ತು. ಸೆರಗಿನ ಗಂಟು ಬಿಚ್ಚಿದರು. ಮೆತ್ತಿದ್ದ ಹುಳಗಳನ್ನು ಬೆರಳಲ್ಲಿ ಕೆದಕಿ ನೋಡಿದರು, ಮೂಸಿದರು. ಇದ್ದಕ್ಕಿದ್ದಂತೆ ಬಚ್ಚಲ ಗೋಡೆಗೆ ಒರಗಿ, ಕರುಳು ಬಾಯಿಗೆ ಬರುವಂತೆ ಓಕರಿಸಿದರು. ಸುಗುಣ ಅವರ ಹಣೆ ಹಿಡಿದುಕೊಂಡಳು.

ಸುಧಾರಿಸಿಕೊಂಡ ಮೇಲೆ, ನಿನ್ನ ಮರೆಸೋ ಸೂಜಿ ತಂದಿದ್ದೀಯಾ ಎಂದು ಅವರೇ ಕೇಳಿದರು. ಸುಗುಣ ಏನನ್ನೂ ಮುಚ್ಚಿಡಲಿಲ್ಲ. ತಡೆಮದ್ದು ಮೈಯಲ್ಲಿದ್ದಷ್ಟು ದಿನ ದೇವರು ಎಲ್ಲರಿಗೂ ಕೊಟ್ಟ ಪುಟ್ಟ ಸಮಾಧಾನವೂ ಇರುವುದಿಲ್ಲ, ನೋವು ಬರಿಮೈಯಲ್ಲಿ ನಿಲ್ಲುತ್ತದೆ, ಹಳೆಯದಕ್ಕಿಂತ ಹೆಚ್ಚಾಗಿ ನಿಲ್ಲುತ್ತದೆ ಎಂದಳು.

“ನೋಯ್ಲಿ ಬಿಡು. ನೋಯ್ದೇ ಇರೋ ಕೈ ಯಾರ್ದು ಅಂತ ಇಟ್ಕೊಳ್ಳಲಿ.”

ಆಸ್ಪತ್ರೆಯಲ್ಲಿ ಮುನಿರತ್ನಮ್ಮನ ತೋರುಬೆರಳನ್ನು ಅರ್ಧಕ್ಕೆ ತೆಗೆದರು. ಕೀವು ಮೂಳೆಗೆ ಇಳಿದಿತ್ತು. ಉಳಿದದ್ದು ಉಳಿಯಬಹುದು ಎಂದರು. ಮರೆಸುವ ಕೆಲಸ ಮನೆಯಲ್ಲೇ ನಡೆಯಿತು. ಸೂಜಿ ಚುಚ್ಚಿ, ಹುಳದ ಬಟ್ಟಲನ್ನು ಮುಂದಿಟ್ಟು, ಸುಗುಣ ಪಕ್ಕದಲ್ಲಿ ಕೂರುತ್ತಿದ್ದಳು. ಮುನಿರತ್ನಮ್ಮ ಹಲ್ಲು ಕಚ್ಚಿ ಮೂಸುತ್ತಿದ್ದರು. ಸಮಾಧಾನ ಬರುತ್ತಿರಲಿಲ್ಲ. ಮತ್ತೆ ಮೂಸುತ್ತಿದ್ದರು. ಬೆವರು ಹರಿದು ಚಾಪೆ ನೆನೆಯುತ್ತಿತ್ತು. ಒಮ್ಮೊಮ್ಮೆ ಸುಗುಣಳ ಅಪ್ಪ ಅಮ್ಮ ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದರು. ಬೈದು ಮುಗಿದ ಮೇಲೆ, ಬಿಸಿಲಲ್ಲಿ ಕೂತಿದ್ದೀಯ, ಈಚೆ ಸರಿದುಕೋ ಎನ್ನುತ್ತಿದ್ದರು.

ಮಗುವಿನ ಸುದ್ದಿ ಕೇಳಿದ ದಿನವೇ ಹಫೀಜುಲ್ಲಾ ಸಾಹೇಬರು ಒಲೆ ಆರಿಸಿ ಬಾಂಡಲೆಗಳನ್ನು ಬೋರಲು ಹಾಕಿಸಿದ್ದರು. ವಾಸನೆ ಕಲಿತ ಹೆಂಗಸರನ್ನು, ಮರೆತು ಬರುವ ತನಕ, ಬಿಸಿನೀರಿನ ಮುಂದೆ ಕೂರಿಸುವುದಿಲ್ಲ ಎಂದರು. ಮರೆಯುವ ತನಕ ಒಣಗೂಡು ಆರಿಸುವ ಕೆಲಸ ಕೊಡುತ್ತೇನೆ ಎಂದರು. ಅದು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಬೇಕೆಂದವರಿಗೆಲ್ಲ ಮರೆಸುವ ಸೂಜಿ ಹಾಕುತ್ತೇನೆಂದು ಸುಗುಣ ಹೇಳಿಕಳಿಸಿದಳು. ಮರುದಿನ ಹೆಂಗಸರು ಮುನಿರತ್ನಮ್ಮನ ಬಾಗಿಲಿಗೆ ಬಂದರು. ಮುಂದೆ ನಿಂತಿದ್ದವಳು ಜುಬೇದಾ, ಶೆಡ್ಡಿನಲ್ಲಿ ಅತ್ತಿಗೆಯ ಪಕ್ಕದ ಬಾಂಡಲೆಯವಳು. ಗಂಡ ಇಲ್ಲ, ಕೈ ಅತ್ತಿಗೆಯದಕ್ಕಿಂತ ಕೆಟ್ಟಿತ್ತು. ಅವಳು ಸುಗುಣಳನ್ನು ಮೇಲಿಂದ ಕೆಳಗೆ ನೋಡಿದಳು.

“ಮೊದ್ಲು ನೋವೂ ಇತ್ತು, ಕೆಲ್ಸಾನೂ ಇತ್ತು. ನೀನು ಬಂದೆ, ನೋವು ಹೋಯ್ತು. ಈಗ ಮತ್ತೆ ಬಂದಿದ್ದೀಯ, ಕೆಲ್ಸ ಹೋಯ್ತು, ನೋವು ವಾಪಸ್ ತಗೋ ಅಂತೀಯ. ನಮ್ಮ ಮೈ ಏನು ನಿಮ್ಮ ಸ್ಕೂಲ್ ಹಲಗೇನಾ ಅಕ್ಕಾ, ಬರೆದು ಬರೆದು ಒರೆಸೋಕೆ?”

ತಪ್ಪು ನಮ್ಮದು ಎಂದು ಸುಗುಣ ಒಪ್ಪಿಕೊಂಡಳು. ಜುಬೇದಾ ಅಂಗಳದಲ್ಲಿ ಉಗುಳಿ ಹೋದಳು.

ಸುಗುಣ ಕಂಡದ್ದನ್ನೆಲ್ಲ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಆರೋಗ್ಯ ಇಲಾಖೆಗೆ ಕಳಿಸಿದಳು. ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತನಿಖೆಗೆ ಆದೇಶವಾಗಿದೆ ಎಂದು ಉತ್ತರ ಬಂತು. ಅದೇ ವಾರ ಕರಾವಳಿಯ ಗೇರು ಕಾರ್ಖಾನೆಯಲ್ಲಿ ಶಿಬಿರ ಶುರುವಾದ ಸುದ್ದಿಯೂ ಬಂತು. ವಾಮನಮೂರ್ತಿಯವರು ಭಾಷಣದಲ್ಲಿ ಸುಗುಣಳ ಹೆಸರನ್ನು ಗೌರವದಿಂದ ನೆನೆದಿದ್ದರಂತೆ. ಕೇಳಿದಾಗ ಮೈಮೇಲೆ ಯಾರೋ ಕೊಳಕು ಕೈ ಆಡಿಸಿದಂತಾಯಿತು. ಅಲ್ಲಿಗೂ ಹೋಗಬೇಕು, ಗೇರಿನವರ ಮುಂದೆ ಅತ್ತಿಗೆಯ ಕೈ ತೋರಿಸಬೇಕು ಎಂದು ಅವಳು ನಿರ್ಧರಿಸಿದಳು. ಮುನಿರತ್ನಮ್ಮ ನಾನೂ ಬರುತ್ತೇನೆ ಎಂದರು. ಚಿತ್ರ ತೋರಿಸಿದರೆ ಜನ ಚಿತ್ರ ನೋಡುತ್ತಾರೆ, ಕೈ ತೋರಿಸಿದರೆ ಕೈ ನೋಡುತ್ತಾರೆ ಎಂಬುದು ಅವರ ಲೆಕ್ಕ.

ಹೊರಡುವುದಕ್ಕೆ ಇನ್ನೂ ದಿನವಿತ್ತು. ಕಡೆಯ ಸೂಜಿಗಳು ಉಳಿದಿದ್ದವು, ಅವೇ ಎಲ್ಲಕ್ಕಿಂತ ಕಠಿಣ. ಅಂದು ಬೆಳಗಿನಿಂದ ಮುನಿರತ್ನಮ್ಮ ಮಾತಿಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮನೆಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಒಳಕೋಣೆಯ ಬಾಗಿಲು ತುಸು ತೆರೆದು ಚೈತ್ರ ತಾಯಿಯನ್ನು ನೋಡಿದಳು. ಮಗುವನ್ನು ಎತ್ತಿಕೊಂಡು ಬಂದು, ಮುಟ್ಟಲು ಕೊಡದೆ, ಆದರೆ ತಾಯಿಗೆ ಅದರ ಸದ್ದು ಕೇಳುವಷ್ಟು ಹತ್ತಿರದಲ್ಲಿ ಕೂತಳು.

ಮಧ್ಯಾಹ್ನ ಕಳೆದ ಮೇಲೆ ಬಾಗಿಲ ಬಳಿ ನೆರಳು ಬಿತ್ತು. ಜುಬೇದಾ. ಕೈಗಳಿಗೆ ಹಳೆಯ ಬಟ್ಟೆ ಸುತ್ತಿಕೊಂಡು, ಬೆರಳಲ್ಲಿ ಹಿಡಿಯಲಾಗದೆ, ಮೊಣಕೈಗಳ ನಡುವೆ ಒಂದು ಮುಚ್ಚಿದ ತಟ್ಟೆಯನ್ನು ಎದೆಗೊತ್ತಿ ಹಿಡಿದಿದ್ದಳು. ಹಣೆಯಲ್ಲಿ ಬೆವರು ಸಾಲಾಗಿತ್ತು, ತುಟಿ ಬಿಳುಚಿತ್ತು. ಅವಳ ಸೆರಗಿನಲ್ಲಿ ಹುಳದ ಗಂಟು ಇರಲಿಲ್ಲ. ಸುಗುಣ ಎದ್ದು ಹೋಗಿ ಮುಚ್ಚಳ ಸರಿಸಿದಳು. ರಾಗಿ ಮುದ್ದೆಯನ್ನು ಮುರಿಯುವ ಕಷ್ಟವಿಲ್ಲದಂತೆ, ನುಂಗುವಷ್ಟೇ ಪುಟ್ಟ ಪುಟ್ಟ ಉಂಡೆ ಮಾಡಿ ಸೊಪ್ಪಿನ ಸಾರಿನಲ್ಲಿ ನೆನೆಸಿತ್ತು. ಒಂದೊಂದು ಉಂಡೆಯೂ ಸೊಟ್ಟ, ಒಂದರಂತೆ ಒಂದಿಲ್ಲ.

ಜುಬೇದಾ ಒಳಗೆ ಮಲಗಿದ್ದವರ ಕಡೆ ಒಮ್ಮೆ ನೋಡಿ, ತಟ್ಟೆಯನ್ನು ಸುಗುಣಳ ಕೈಗೆ ದಾಟಿಸಿದಳು.